ಹಂಗಳದ ತಾರಸಿಯಲ್ಲಿ ಟೆಂಟು

ಬೆಟ್ಟದಲ್ಲಿ ಟೆಂಟು ಹಾಕಿಕೊಂಡು ಒಂದು ರಾತ್ರಿ ಇದ್ದು ಬರಬೇಕೆಂಬ ಮಾತು ಹುಟ್ಟಿದ್ದು ಚಾಮರಾಜನಗರದ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ. ವಾರಕ್ಕೆ ಮೂರು ಸಲ ಮಧ್ಯಾಹ್ನದ ಸರದಿಗೆ ಬರುತ್ತಿದ್ದ ಮೂವರು ಕಿಟಕಿ ಸಾಲಿನ ಹಾಸಿಗೆಗಳಲ್ಲಿ ಅಕ್ಕಪಕ್ಕ ಮಲಗುತ್ತಿದ್ದರು. ಒಬ್ಬ ರಾಮಸಮುದ್ರದ ದೊರೆಸ್ವಾಮಿ, ಕಿಡ್ನಿ ಕೈಕೊಡುವ ತನಕ ಲಾರಿ ಓಡಿಸುತ್ತಿದ್ದವನು. ಇನ್ನೊಬ್ಬಳು ಹರವೆಯ ಮಂಗಳಗೌರಿ, ಐವತ್ತು ದಾಟಿದ ಜೋರು ಬಾಯಿಯ ಹೆಂಗಸು. ಮೂರನೆಯವನು ಸಂತೆಮರಹಳ್ಳಿಯ ಸುನೀಲ್ ಕುಮಾರ್, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ, ಇನ್ನೂ ಮದುವೆಯಾಗದವನು. ರಕ್ತ ಯಂತ್ರದೊಳಗೆ ಹೋಗಿ ಸುತ್ತಿ ಬರುವಷ್ಟು ಹೊತ್ತೂ ಅಲ್ಲಾಡದೆ ಮಲಗಿರಬೇಕಾದ್ದರಿಂದ ಮೂವರಿಗೂ ಮಾತೇ ಕೆಲಸವಾಗಿತ್ತು.

ಸುನೀಲ್ ಕೈಯಲ್ಲಿ ಮೊಬೈಲ್ ಹಿಡಿದು, ಯಾರು ಯಾರೋ ಬೆಟ್ಟದ ನೆತ್ತಿಯಲ್ಲಿ ಟೆಂಟು ಹಾಕಿ ಬೆಂಕಿ ಕಾಯುತ್ತ ಕೂತ ವಿಡಿಯೋಗಳನ್ನು ನೋಡುತ್ತಿದ್ದ. ಒಂದು ದಿನ ಅದನ್ನು ದೊರೆಸ್ವಾಮಿಯ ಕಡೆಗೆ ತಿರುಗಿಸಿದ. ದೊರೆಸ್ವಾಮಿ ಬಹಳ ಹೊತ್ತು ನೋಡಿದ. ತೆರಕಣಾಂಬಿಯಿಂದ ಕೇರಳಕ್ಕೆ ತರಕಾರಿ ಸಾಗಿಸುತ್ತಿದ್ದಾಗ ಅವನು ಎಷ್ಟೋ ರಾತ್ರಿಗಳನ್ನು ಕಾಡಿನ ಚೆಕ್‌ಪೋಸ್ಟ್ ಮುಂದೆ, ಗೇಟು ತೆಗೆಯುವುದನ್ನೇ ಕಾಯುತ್ತ, ಕ್ಯಾಬಿನ್ನಿನಲ್ಲಿ ಮುದುರಿಕೊಂಡು ಕಳೆದಿದ್ದ. ಬೆಳಕು ಹರಿದರೆ ಎದುರಿಗೇ ಬೆಟ್ಟದ ಸಾಲು. ಒಂದು ಸಲವೂ ಇಳಿದು ಅದರ ಕಡೆ ನಾಲ್ಕು ಹೆಜ್ಜೆ ಹಾಕಿದವನಲ್ಲ. ಟೊಮೊಟೊ ಕೊಳೆಯುವ ಮೊದಲು ಮುಟ್ಟಿಸಬೇಕು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

“ಅಲ್ಲೋಗಿ ಕಾಲು ಚಾಚ್ಕಂಡು ಮನಿಕಬೇಕು ಕಣ ಸುನೀಲು, ಒಂದೇ ಒಂದು ದಿವ್ಸ,” ಅಂದ.

ಮಂಗಳಗೌರಿ ತಾನೂ ಬರುತ್ತೇನೆಂದಳು. ಅಲ್ಲಿಂದಾಚೆಗೆ ಮೂವರಿಗೂ ಅದೇ ಮಾತು. ಊಟಿಯ ಕಡೆ ಹೋಗುವುದೆಂದು ಒಂದು ವಾರ, ಬಿಳಿಗಿರಿರಂಗನ ಬೆಟ್ಟವೆಂದು ಇನ್ನೊಂದು ವಾರ. ಕಾಡಿನೊಳಗೆ ಟೆಂಟು ಹಾಕಲು ಯಾರನ್ನೂ ಬಿಡುವುದಿಲ್ಲ, ಗೋಪಾಲಸ್ವಾಮಿ ಬೆಟ್ಟದ ಮೇಲಂತೂ ಸಂಜೆಯಾದ ಮೇಲೆ ನಿಲ್ಲುವ ಹಾಗೇ ಇಲ್ಲ ಎಂದು ತಿಳಿದ ಮೇಲೂ ಅವರು ಮಾತು ನಿಲ್ಲಿಸಲಿಲ್ಲ. ಬೆಟ್ಟ ಹತ್ತಿದರೆ ಬಾಯಾರುತ್ತದೆ, ಇವರೋ ನೀರನ್ನು ಲೋಟದಲ್ಲಿ ಅಳೆದು ಕುಡಿಯುವವರು, ಹಾಗಾದರೆ ಏನು ಮಾಡುವುದು? ನೆಲ್ಲಿಕಾಯಿ ಚೂರು ಬಾಯಲ್ಲಿಟ್ಟುಕೊಳ್ಳುವುದೆಂದು ಮಂಗಳಗೌರಿ ಹೇಳಿದಳು. ರೊಟ್ಟಿಗೆ ಉಪ್ಪು ಹಾಕದೆ ತರುವುದು ತನ್ನ ಪಾಲು ಎಂದೂ ಹೇಳಿದಳು.

ದೊರೆಸ್ವಾಮಿಯ ಹೆಂಡತಿ ನಾಗಮಣಿಗೆ ಈ ಮಾತು ಕೇಳಿದಾಗಲೆಲ್ಲ ಸೊಂಟ ಹಿಡಿದುಕೊಂಡ ಹಾಗಾಗುತ್ತಿತ್ತು. ಅವಳು ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಗಂಡನ ಸರದಿಯ ದಿನ ಅವನನ್ನು ಆಟೋ ಹತ್ತಿಸಿ, ಶಾಲೆಗೆ ಹೋಗಿ ಬೇಯಿಸಿ, ಬಡಿಸಿ, ದಬರಿಗಳನ್ನು ತಿಕ್ಕಿಟ್ಟು, ಒದ್ದೆ ಸೆರಗಿನಲ್ಲೇ ಆಸ್ಪತ್ರೆಗೆ ಬರುತ್ತಿದ್ದಳು. ಡಯಾಲಿಸಿಸ್ ಮುಗಿಸಿ ಎದ್ದ ದೊರೆಸ್ವಾಮಿಗೆ ನಿಲ್ಲಲು ತ್ರಾಣ ಇರುತ್ತಿರಲಿಲ್ಲ. ಅವನನ್ನು ತೋಳು ಹಿಡಿದು ಮನೆಗೆ ಕರೆತಂದು, ಅವನಿಗೆ ಬೇರೆ ಅಡುಗೆ, ತನಗೆ ಬೇರೆ ಅಡುಗೆ ಮಾಡಬೇಕು. ಸೊಪ್ಪಾದರೆ ಬೇಯಿಸಿ ನೀರು ಬಸಿದು ಮತ್ತೆ ಬೇಯಿಸಬೇಕು. ಮಾತ್ರೆಗಳನ್ನು ಎಣಿಸಿ ಕೊಡಬೇಕು. ರಾತ್ರಿ ಅವನ ಉಸಿರಿನಲ್ಲಿ ಸ್ವಲ್ಪ ಸದ್ದು ಬದಲಾದರೂ ಎದ್ದು ಕೂರುತ್ತಿದ್ದಳು. ಹೀಗೆಯೇ ಎರಡು ವರ್ಷ ಕಳೆದಿತ್ತು. ಬೆಟ್ಟಕ್ಕೆ ಹೋಗುವುದೆಂದರೆ ಇದನ್ನೆಲ್ಲ ಕಟ್ಟಿಕೊಂಡು ಹೋಗಿ ಗಾಳಿಯಲ್ಲಿ ಮಾಡುವುದು ಎಂದಷ್ಟೇ ಅವಳಿಗೆ ಅರ್ಥವಾಗಿತ್ತು.

ಹೊರಗಿನ ಬೆಂಚಿನಲ್ಲಿ ಅವಳ ಜೊತೆ ಕೂರುತ್ತಿದ್ದವನು ಮಂಗಳಗೌರಿಯ ಗಂಡ ಶಿವಮಲ್ಲಪ್ಪ. ತೋಟ, ಅರಿಸಿನ, ಎರಡು ಹಸು ಎಲ್ಲವನ್ನೂ ಆಳುಗಳಿಗೆ ಬಿಟ್ಟು ಹೆಂಡತಿಯನ್ನು ಬಸ್ಸಿನಲ್ಲಿ ಕರೆತರುತ್ತಿದ್ದ. ಪತ್ರಿಕೆ ಮುಖಕ್ಕೆ ಹಿಡಿದುಕೊಂಡೇ ತೂಕಡಿಸುತ್ತಿದ್ದ. ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕೂತರೂ ಇಬ್ಬರ ನಡುವೆ ಮಾತು ಹೆಚ್ಚಿರಲಿಲ್ಲ. ಅವರು ಲಿಂಗಾಯತರು, ಜಮೀನಿದ್ದವರು. ನಾಗಮಣಿಯೋ, ಅಂಥವರ ಹೊಲಗಳಲ್ಲಿ ಅಮ್ಮ ಕಳೆ ಕಿತ್ತು ಬೆಳೆಸಿದ ಮಗಳು. ಬೆಂಚಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು.

ಒಂದು ಬುಧವಾರ ನಾಗಮಣಿ ಶಾಲೆಯಿಂದ ಬಂದಾಗ ವಾರ್ಡಿನ ಮುಂದಿನ ಓಣಿ ಕಿತ್ತಳೆ ಬಣ್ಣದ ಬಟ್ಟೆಯಿಂದ ತುಂಬಿಹೋಗಿತ್ತು. ಸುನೀಲ್ ತರಿಸಿದ್ದ ಟೆಂಟು ಅಂದು ಕೊರಿಯರಿನಲ್ಲಿ ಬಂದಿತ್ತು. ಸರದಿಗೆ ಕಾಯುತ್ತಿದ್ದಾಗ, ಹೇಗಿದೆ ನೋಡೋಣವೆಂದು ಚೀಲದ ಜಿಪ್ಪು ಎಳೆದಿದ್ದಾರೆ. ಅದು ಒಳಗೆ ಸ್ಪ್ರಿಂಗ್ ಇದ್ದದ್ದು, ಪಟ್ಟನೆ ಹಾರಿ ತಾನೇ ಬಿಚ್ಚಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಅಡ್ಡ ನಿಂತುಬಿಟ್ಟಿದೆ. ಗಾಲಿಕುರ್ಚಿಯಲ್ಲಿದ್ದ ಒಬ್ಬ ಮುದುಕ ಆಚೆ ಸಿಕ್ಕಿಕೊಂಡಿದ್ದ. ಸೆಕ್ಯುರಿಟಿಯವನು ಬಂದು ಬೈಯುತ್ತಿದ್ದ. ದೊರೆಸ್ವಾಮಿ ಗೋಡೆಗೊರಗಿ ನಗುತ್ತಿದ್ದ. ಮಂಗಳಗೌರಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು, ಮೂವರೂ ತೂಕ ನೋಡಿಸಲು ಹೋದರು. ಟೆಂಟು ಓಣಿಯಲ್ಲೇ ಉಳಿಯಿತು.

ಅದನ್ನು ಮಡಚುವ ಕೆಲಸ ನಾಗಮಣಿಗೂ ಶಿವಮಲ್ಲಪ್ಪನಿಗೂ ಬಂತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು. ಶಿವಮಲ್ಲಪ್ಪ ಪಂಚೆ ಎತ್ತಿಕಟ್ಟಿ ಅದರ ಮೇಲೆ ಮಂಡಿಯೂರಿದ. ನಾಗಮಣಿ ಎರಡೂ ಕೈಯಿಂದ ಬಳೆಯ ಹಾಗೆ ಸುತ್ತಿದಳು. ಕಡೆಗೆ ಹೇಗೋ ಚೀಲದೊಳಗೆ ತುರುಕಿ ಇಬ್ಬರೂ ಏದುಸಿರು ಬಿಡುತ್ತ ಬೆಂಚಿನಲ್ಲಿ ಕೂತರು. ಚೀಲ ನಡುವೆ ಇತ್ತು.

“ಅಲ್ಲೋದ್ರೂ ಇದೇಯ ಕಣಮ್ಮ,” ಅಂದ ಶಿವಮಲ್ಲಪ್ಪ. “ಅವ್ರು ಮನಗ್ತಾರೆ, ನಾವು ಎದ್ದಿರ್ಬೇಕು.”

ನಾಗಮಣಿಗೆ ಅಳು ಬಂದ ಹಾಗಾಯಿತು. ತನ್ನ ಮನಸ್ಸಿನಲ್ಲಿದ್ದದ್ದನ್ನು ಇಷ್ಟು ನೇರವಾಗಿ ಬೇರೆಯವರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಡಾಕ್ಟರೋ ಟೆಕ್ನಿಶಿಯನ್ನೋ ಬೇಡವೆಂದುಬಿಟ್ಟರೆ ಈ ಮಾತು ಅಲ್ಲಿಗೇ ನಿಲ್ಲುತ್ತದಲ್ಲವೇ ಎಂದು ಕೇಳಿದಳು. ಶಿವಮಲ್ಲಪ್ಪ, ಹೌದು, ಕೇಳಿ ನೋಡು ಅಂದ. ತಾನು ಕೇಳಿದೆನೆಂದು ಗೊತ್ತಾದರೆ ಗೌರಿ ಸುಮ್ಮನೆ ಬಿಡುವುದಿಲ್ಲ ಎಂದೂ ಸೇರಿಸಿದ.

ಯಂತ್ರ ನೋಡಿಕೊಳ್ಳುತ್ತಿದ್ದ ಟೆಕ್ನಿಶಿಯನ್ ಸೋಮಶೇಖರ್ ಚಹಾ ಕುಡಿಯಲು ಹೊರಗೆ ಬಂದಾಗ ನಾಗಮಣಿ ಅವನ ಹಿಂದೆ ಹೋಗಿ ವಿಷಯ ಎತ್ತಿದಳು. ಇವರಿಗೆಲ್ಲ ಇಂಥದ್ದು ಅಪಾಯ ತಾನೆ, ತಾವೊಂದು ಮಾತು ಬೇಡ ಅನ್ನಿ ಎಂದು ಕೇಳಿಕೊಂಡಳು. ಸೋಮಶೇಖರ್ ಈ ಯೋಜನೆಯನ್ನೆಲ್ಲ ಆಗಲೇ ಕೇಳಿಸಿಕೊಂಡಿದ್ದ. ಶುಕ್ರವಾರದ ಡಯಾಲಿಸಿಸ್ ತಪ್ಪಿಸದೆ ಮಾಡಿಸಿಕೊಂಡು, ಶನಿವಾರ ಹೋಗಿ ಭಾನುವಾರ ವಾಪಸು ಬಂದರೆ ತೊಂದರೆ ಇಲ್ಲ, ಡಾಕ್ಟರನ್ನೂ ಕೇಳಿದ್ದೇನೆ ಅಂದ. ನೀರು, ಉಪ್ಪು ಹೆಚ್ಚಾಗಬಾರದು, ಸೂಜಿ ಚುಚ್ಚುವ ಕೈಗೆ ಪೆಟ್ಟಾಗಬಾರದು, ರಸ್ತೆಗೆ ಹತ್ತಿರ ಇರಬೇಕು, ಹತ್ತುವುದು ಬೇಡ. ಅಷ್ಟೇ.

ನಾಗಮಣಿ ಹೋಗದೆ ಅಲ್ಲೇ ನಿಂತಿದ್ದಳು.

“ನಿಮಗ್ಯಾಕಮ್ಮ ಬೇಡ?” ಎಂದು ಅವನು ಕೇಳಿದ.

“ನಂಗೆ ಆಗದಿಲ್ಲ ಸಾರ್,” ಅಂದಳು. ಸೋಮಶೇಖರ್ ಕೈಯಲ್ಲಿದ್ದ ಚಹಾ ನೋಡುತ್ತ ನಿಂತ. ಆಮೇಲೆ ಒಳಗಿನ ಯಂತ್ರವೊಂದು ಕೂಗಿಕೊಂಡಿತು, ಅವನು ಓಡಿದ.

ಜಾಗವನ್ನು ಕೊನೆಗೆ ಹುಡುಕಿಕೊಟ್ಟವನು ಶಿವಮಲ್ಲಪ್ಪನೇ. ತನಗೂ ಬೇಡವೆನ್ನುತ್ತಿದ್ದವನು ಯಾಕೆ ಹಾಗೆ ಮಾಡಿದನೆಂದು ನಾಗಮಣಿ ಕೇಳಿದಾಗ, ಹೇಗೂ ಹೋಗುವುದಾದರೆ ಹತ್ತಿರದಲ್ಲೇ ಒಂದು ಸೂರಿರುವ ಕಡೆ ಹೋಗೋಣ ಅಂದ. ಮಂಗಳಗೌರಿಯ ತಮ್ಮ ಮರಿಮಲ್ಲಪ್ಪನ ಜಮೀನು ಹಂಗಳದಾಚೆ, ಕಾಡಿನ ಅಂಚಿನಲ್ಲಿತ್ತು. ಹೊಲದಲ್ಲಿ ಟೆಂಟು ಹಾಕುವ ಮಾತು ಎತ್ತಿದ್ದಕ್ಕೆ ಮರಿಮಲ್ಲಪ್ಪ ಫೋನಿನಲ್ಲೇ ಬೈದನಂತೆ. ಕಂದಕ ಇದ್ದರೂ, ಸೋಲಾರ್ ತಂತಿ ಇದ್ದರೂ ಆನೆ ಬರುವುದು ತಪ್ಪಿಲ್ಲ, ನೆಲದ ಮೇಲೆ ಬಟ್ಟೆಯ ಮನೆ ಕಟ್ಟಿಕೊಂಡು ಮಲಗುತ್ತಾರಾ ಎಂದು. ಆದರೆ ತೋಟದ ಮನೆಗೆ ತಾರಸಿ ಇದೆ, ಹೊರಗಿನಿಂದಲೇ ಮೆಟ್ಟಿಲಿದೆ, ಬೇಕಾದರೆ ಅದರ ಮೇಲೆ ಹಾಕಿಕೊಳ್ಳಲಿ ಅಂದ. ತಾರಸಿಯಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಎದುರಿಗೇ ಕಾಣುತ್ತದೆ.

ತಾರಸಿಯ ಮೇಲೆ ಟೆಂಟು ಎಂದಾಗ ಸುನೀಲ್ ಮೊದಲು ಮುಖ ಚಿಕ್ಕದು ಮಾಡಿದ. ಆಮೇಲೆ ಬೆಂಕಿ ಹಾಕಲು ಒಂದು ಹಳೆಯ ಬಾಂಡಲಿ ಸಾಕೆಂದು ಅದಕ್ಕೂ ಯೋಜನೆ ಮಾಡಿದ. ಹೊರಗಿನಿಂದಲೇ ಮೆಟ್ಟಿಲಿದೆ ಎಂಬ ಮಾತನ್ನು ಮಾತ್ರ ನಾಗಮಣಿ ಒಳಗೊಳಗೇ ಹಿಡಿದುಕೊಂಡಳು. ಅವರ ಮನೆಯ ಹೊಸ್ತಿಲು ದಾಟುವ ಪ್ರಮೇಯವೇ ಬಾರದ ಹಾಗೆ ಆಯಿತಲ್ಲ ಎನಿಸಿತು. ದೊರೆಸ್ವಾಮಿಗೆ ಅದನ್ನು ಹೇಳಲಿಲ್ಲ. ಅವನು ಅಟ್ಟದ ಮೇಲಿದ್ದ ಕಂಬಳಿಯನ್ನು ಇಳಿಸಿ ಬಿಸಿಲಿಗೆ ಹಾಕಿದ್ದ. ನಾಗಮಣಿ ಶನಿವಾರಕ್ಕೆ ರಜೆ ಕೇಳಿದಳು. ತನ್ನ ಬದಲಿಗೆ ಪಕ್ಕದ ಬೀದಿಯ ಮಲ್ಲಾಜಮ್ಮನನ್ನು ಒಪ್ಪಿಸಿದಳು. ಎರಡು ವರ್ಷದಲ್ಲಿ ಅವಳು ಹಾಕಿದ ರಜೆಯೆಲ್ಲ ಗಂಡನ ಜ್ವರಕ್ಕೆ, ಗಂಡನ ಆಪರೇಷನ್ನಿಗೆ. ಈ ಸಲ ಕಾರಣ ಹೇಳಬೇಕಾಗಿ ಬಂದಾಗ, ಬೆಟ್ಟದ ಕಡೆ ಹೋಗುತ್ತಿದ್ದೇವೆ ಎಂದು ಹೇಳಿ ನಾಚಿಕೊಂಡಳು.

ಹೊರಡಬೇಕಿದ್ದ ವಾರದ ಬುಧವಾರ, ಯಂತ್ರಕ್ಕೆ ಹಾಕಿದ ಸ್ವಲ್ಪ ಹೊತ್ತಿಗೆ ಸುನೀಲನಿಗೆ ಚಳಿ ಶುರುವಾಯಿತು. ಹಲ್ಲು ಕಟಕಟ ಅನ್ನುತ್ತಿತ್ತು. ಮಂಚವೇ ನಡುಗುತ್ತಿತ್ತು. ಸೋಮಶೇಖರ್ ಯಂತ್ರ ನಿಲ್ಲಿಸಿದ, ಡಾಕ್ಟರು ಬಂದರು, ರಕ್ತ ಎಳೆಯಲು ಅವನ ಕುತ್ತಿಗೆಗೆ ಹಾಕಿದ್ದ ನಳಿಕೆಗೆ ಸೋಂಕು ತಗುಲಿರಬಹುದೆಂದು ಮೈಸೂರಿಗೆ ಕಳಿಸಿದರು. ಅವನ ತಾಯಿ ಮಲ್ಲಿಗಮ್ಮ ಚಪ್ಪಲಿಯನ್ನು ಓಣಿಯಲ್ಲೇ ಬಿಟ್ಟು ಆಂಬುಲೆನ್ಸ್ ಹತ್ತಿದಳು. ನಾಗಮಣಿ ಅದನ್ನು ಕೈಯಲ್ಲಿ ಹಿಡಿದು ಓಡಿದಳು, ಅಷ್ಟರಲ್ಲಿ ಗಾಡಿ ಗೇಟು ದಾಟಿತ್ತು.

ಶುಕ್ರವಾರ ಸುನೀಲನ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಮೈಸೂರಿನಿಂದ ಜ್ವರ ಇಳಿದಿಲ್ಲ ಎಂಬ ಸುದ್ದಿಯಷ್ಟೇ ಇತ್ತು. ಮಂಗಳಗೌರಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಯಾರೂ ಬೆಟ್ಟದ ಮಾತೆತ್ತಲಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ನಾಲ್ವರೂ ಬೆಂಚಿನ ಹತ್ತಿರ ಸೇರಿದಾಗ ದೊರೆಸ್ವಾಮಿ, ಟೆಂಟನ್ನು ಮಲ್ಲಿಗಮ್ಮನಿಗೆ ತಲುಪಿಸಬೇಕು, ಕಂಬಳಿಯನ್ನು ಮತ್ತೆ ಅಟ್ಟಕ್ಕೆ ಹಾಕಬೇಕು ಅಂದ. ದುಃಖವನ್ನೇನೂ ತೋರಿಸಿಕೊಳ್ಳಲಿಲ್ಲ. ಶಿವಮಲ್ಲಪ್ಪ, ಆಯಿತು ಬಿಡಿ, ಭಾಮೈದನಿಗೆ ಫೋನ್ ಮಾಡಿ ಇಲ್ಲವೆಂದು ಹೇಳುತ್ತೇನೆ ಎಂದು ಮೊಬೈಲ್ ತೆಗೆದ.

ತಾನು ಇಷ್ಟು ದಿನ ಬಯಸಿದ್ದು ಇದೇ ಎಂದು ನಾಗಮಣಿಗೆ ಗೊತ್ತಿತ್ತು. ಆದರೆ ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ, ಮಲ್ಲಾಜಮ್ಮನಿಗೆ ನೀನು ಹೋಗು ಎಂದು ಹೇಳಿ, ಮತ್ತೆ ಆ ಒಲೆಯ ಮುಂದೆ ನಿಲ್ಲುವುದನ್ನು ನೆನೆದಾಗ ಅವಳ ಮನಸ್ಸು ಒಪ್ಪಲಿಲ್ಲ.

“ನಾನು ರಜ ಹಾಕ್ಬುಟ್ಟಿವ್ನಿ,” ಅಂದಳು. “ನೀವ್ಯಾರೂ ಬರ್ದಿದ್ರೂ ಸರಿ. ನಾನು ಓಯ್ತೀನಿ.”

ಮೂವರೂ ಅವಳ ಮುಖ ನೋಡಿದರು. ಸುನೀಲ್ ಹೀಗಿರುವಾಗ ಹೋಗುವುದು ಸರಿಯೇ ಎಂದು ಮಂಗಳಗೌರಿ ಮೆಲ್ಲಗೆ ಕೇಳಿದಳು. ಸರಿಯೋ ತಪ್ಪೋ ತನಗೆ ತಿಳಿಯದು ಎಂದು ನಾಗಮಣಿ ಹೇಳಿದಳು. ಬೆಂಚಿನಡಿಯಲ್ಲಿ ಸುನೀಲ್ ಬಿಟ್ಟುಹೋಗಿದ್ದ ಟೆಂಟಿನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡಳು. ದೊರೆಸ್ವಾಮಿ ಆ ರಾತ್ರಿ ಮೈಸೂರಿಗೆ ಫೋನ್ ಮಾಡಿ ಮಲ್ಲಿಗಮ್ಮನನ್ನು ಕೇಳಿದ. ಮಗ ಕಣ್ಣು ಬಿಟ್ಟಾಗ ಅದನ್ನೇ ಕೇಳುತ್ತಿದ್ದಾನೆ, ಹೋಗಿ ಬನ್ನಿ ಎಂದಳಂತೆ ಆಕೆ.

ಶನಿವಾರ ನಾಗಮಣಿ, ದೊರೆಸ್ವಾಮಿ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಹೊರಟರು. ಮಂಗಳಗೌರಿ, ಶಿವಮಲ್ಲಪ್ಪ ಹರವೆಯ ಕಡೆಯಿಂದ ಬಂದು ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಸೇರಿಕೊಂಡರು. ಅಲ್ಲಿಂದ ಹಂಗಳಕ್ಕೆ ಇನ್ನೊಂದು ಬಸ್ಸು, ಹಂಗಳದಿಂದ ಮರಿಮಲ್ಲಪ್ಪನ ಗೂಡ್ಸ್ ಆಟೋ. ಮಾತ್ರೆಯ ಡಬ್ಬಿ, ನೀರಿನ ಬಾಟಲಿ, ಬೇರೆ ಬೇಯಿಸಿದ ಪಲ್ಯ, ಕಂಬಳಿ, ಟೆಂಟು. ದೊರೆಸ್ವಾಮಿ ದಾರಿಯುದ್ದಕ್ಕೂ ಎದುರು ಬರುವ ಲಾರಿಗಳ ಚಾಲಕರಲ್ಲಿ ಗುರುತಿನ ಮುಖ ಹುಡುಕುತ್ತಿದ್ದ. ನಾಗಮಣಿ ಕಣ್ಣು ಮುಚ್ಚಿದರೂ ನಿದ್ದೆ ಬರಲಿಲ್ಲ. ಅವನ ಸೂಜಿ ಚುಚ್ಚುವ ಕೈಗೆ ಯಾರಾದರೂ ತಾಗಿಯಾರೆಂದು ತನ್ನ ತೋಳನ್ನು ಅಡ್ಡ ಹಿಡಿದೇ ಕೂತಿದ್ದಳು.

ತೋಟದ ಮನೆ ಚಿಕ್ಕದು. ತಾರಸಿಗೆ ಮೊಣಕಾಲೆತ್ತರದ ಗೋಡೆ. ಕೆಳಗೆ ಬೀನ್ಸು, ಅದರಾಚೆ ಜೋಳ, ಅದರಾಚೆ ಕಂದಕ, ಆಮೇಲೆ ಕಾಡು, ಕಾಡಿನ ಮೇಲೆ ಬೆಟ್ಟ. ಮೋಡ ಬೆಟ್ಟದ ತಲೆಯನ್ನು ನುಂಗಿಕೊಂಡಿತ್ತು. ಈ ಸಲ ಟೆಂಟು ಬಿಚ್ಚಿದಾಗ ಯಾರೂ ನಗಲಿಲ್ಲ. ಗಾಳಿ ಎತ್ತಿಕೊಂಡು ಹೋಗದ ಹಾಗೆ ನಾಲ್ಕು ಮೂಲೆಗೂ ಶಿವಮಲ್ಲಪ್ಪ ಇಟ್ಟಿಗೆ ಕಟ್ಟಿದ. ದೊರೆಸ್ವಾಮಿ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಬೆಟ್ಟದ ಕಡೆ ಮುಖ ಮಾಡಿ ಕೂತ. ಮಂಗಳಗೌರಿ ತಮ್ಮನ ಹೆಂಡತಿಯ ಜೊತೆ ಕೆಳಗಿಳಿದಳು.

ಇನ್ನೂ ಸೂರ್ಯ ಮುಳುಗಿರಲಿಲ್ಲ. ಒಳಗೆ ಹಾಸುವುದು ಹೇಗಿದೆ ನೋಡೋಣವೆಂದು ನಾಗಮಣಿ ಬಗ್ಗಿ ಟೆಂಟಿನೊಳಗೆ ಹೋದಳು. ಬಿಸಿಲು ಬಟ್ಟೆಯ ಮೂಲಕ ಕಿತ್ತಳೆಯಾಗಿ ಒಳಗೆ ತುಂಬಿತ್ತು. ಕಂಬಳಿ ಹಾಸಿದಳು, ಅದರ ಮೇಲೆ ಕೂತಳು. ಬೆನ್ನು ಸ್ವಲ್ಪ ನೆಲಕ್ಕೆ ತಗುಲಲಿ, ಆಮೇಲೆ ಎದ್ದು ಪಲ್ಯ ಬಿಸಿ ಮಾಡಿದರಾಯಿತು ಎಂದು ಒರಗಿದಳು. ಗಂಡ ಶಿವಮಲ್ಲಪ್ಪನಿಗೆ ಚೆಕ್‌ಪೋಸ್ಟಿನ ಕತೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

ಅವಳಿಗೆ ಎಚ್ಚರವಾದಾಗ ಬಟ್ಟೆ ಮತ್ತೆ ಕಿತ್ತಳೆಯಾಗಿತ್ತು. ಆದರೆ ಬಿಸಿಲು ಬೇರೆ ಕಡೆಯಿಂದ ಬರುತ್ತಿತ್ತು. ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಎದ್ದು ಕೂತಳು. ರಾತ್ರಿಯ ಮಾತ್ರೆ, ಊಟ, ಉಸಿರು. ಜಿಪ್ಪು ಸಿಗದೆ ತಡಕಾಡಿ, ಕೂದಲು ಬಿಚ್ಚಿಕೊಂಡೇ ಹೊರಗೆ ಬಂದಳು.

ದೊರೆಸ್ವಾಮಿ ಅದೇ ಗೋಡೆಗೆ ಒರಗಿ, ಜಮಖಾನ ಹೊದ್ದು ಕೂತಿದ್ದ. ಮುಖ ಊದಿಕೊಂಡಿತ್ತಾದರೂ ಕಣ್ಣು ತಿಳಿಯಾಗಿತ್ತು. ಪಕ್ಕದಲ್ಲಿ ಶಿವಮಲ್ಲಪ್ಪ ಟವೆಲು ತಲೆಗೆ ಸುತ್ತಿ ಮಲಗಿದ್ದ.

“ಮಾತ್ರೆ?” ಅಂದಳು.

“ತಕಂಡಿವ್ನಿ. ಶಿವಮಲ್ಲಪ್ಪೋರು ಬೆಳಕು ಬುಟ್ರು, ನಾನು ನೋಡ್ಕಂಡು ತಕಂಡೆ.”

“ನನ್ನ ಎಬ್ಬುಸ್ಬಾರ್ದಾಗಿತ್ತಾ?” ಎಂದು ಕೇಳಿದಳು. ಸಿಟ್ಟೋ ಹೆದರಿಕೆಯೋ ಅವಳಿಗೇ ತಿಳಿಯಲಿಲ್ಲ.

“ಎಬ್ಬುಸುದ್ರೆ ನೀನು ಎದ್ದೇಳ್ತಿದ್ದೆ ಕಣಮ್ಮಿ,” ಅಂದ ದೊರೆಸ್ವಾಮಿ. “ಅದ್ಕೇ ಎಬ್ಬುಸ್ನಿಲ್ಲ.”

ಅವಳು ಅಲ್ಲೇ ಕುಸಿದು ಕೂತಳು. ಮೈಯೆಲ್ಲ ಯಾರೋ ಹೊಡೆದ ಹಾಗೆ ನೋಯುತ್ತಿತ್ತು. ಇಷ್ಟು ದಿನ ಈ ನೋವೆಲ್ಲ ಎಲ್ಲಿತ್ತೋ. ಬೆಟ್ಟದ ಮೇಲಿನ ಮೋಡ ಸರಿದಿತ್ತು. ನೆತ್ತಿಯವರೆಗೂ ಹುಲ್ಲಿನ ಹಸಿರು ಬರಿಗಣ್ಣಿಗೆ ಕಾಣುತ್ತಿತ್ತು. ಅವಳು ಅದನ್ನು ನೋಡಿದಳು, ಮತ್ತೆ ಕಣ್ಣು ಎಳೆಯಿತು.

ಮಂಗಳಗೌರಿ ಕೆಳಗಿನಿಂದ ಹತ್ತಿ ಬಂದಳು, ಅವಳ ಹಿಂದೆಯೇ ಮರಿಮಲ್ಲಪ್ಪನ ಹೆಂಡತಿ ಕಾಫಿ ತಂದಳು. ಮಂಗಳಗೌರಿಗೂ ಶಿವಮಲ್ಲಪ್ಪನಿಗೂ ಸ್ಟೀಲ್ ಲೋಟದಲ್ಲಿ, ದೊರೆಸ್ವಾಮಿಗೂ ನಾಗಮಣಿಗೂ ಕಾಗದದ ಲೋಟದಲ್ಲಿ. ಆಕೆ ಚೆನ್ನಾಗಿ ಮಾತನಾಡಿಸಿಯೇ ಕೊಟ್ಟಳು, ಚಳಿಯಾಯಿತೇ, ನಿದ್ದೆ ಬಂತೇ ಎಂದು ವಿಚಾರಿಸಿದಳು. ವಾರ್ಡಿನಲ್ಲಿ ಒಂದೇ ಪೊಟ್ಟಣದಿಂದ ಬಿಸ್ಕತ್ತು ಮುರಿದುಕೊಂಡು ತಿನ್ನುವ ಮಂಗಳಗೌರಿ ತನ್ನ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ಬೆಟ್ಟದ ಕಡೆ ನೋಡುತ್ತ ನಿಂತಳು. ನಾಗಮಣಿ ಲೋಟಗಳನ್ನು ನೋಡಿದಳು, ಕಾಫಿ ಕುಡಿದಳು. ಕಾಫಿ ಬಿಸಿಯಾಗಿತ್ತು. ಜಗಳಕ್ಕೂ ಬೇಸರಕ್ಕೂ ಬೇಕಾದ ಶಕ್ತಿ ಅವಳಲ್ಲಿರಲಿಲ್ಲ. ವಾಪಸು ಹೊರಡುವಾಗ ಮಂಗಳಗೌರಿ ಗೂಡ್ಸ್ ಆಟೋದಲ್ಲಿ ಅವಳ ಪಕ್ಕಕ್ಕೇ ಒತ್ತಿಕೊಂಡು ಕೂತು, ಹಂಗಳದವರೆಗೂ ಅವಳ ಕೈ ಹಿಡಿದುಕೊಂಡಿದ್ದಳು. ನಾಗಮಣಿ ಕೈ ಬಿಡಿಸಿಕೊಳ್ಳಲಿಲ್ಲ.

ಸೋಮವಾರ ದೊರೆಸ್ವಾಮಿಯ ತೂಕ ಜಾಸ್ತಿ ಬಂತು. ಬೆಟ್ಟದಲ್ಲಿ ಎಷ್ಟು ನೀರು ಕುಡಿದಿರಿ ಎಂದು ಸೋಮಶೇಖರ್ ಗದರಿದ. ಅಂದು ಯಂತ್ರ ಹೆಚ್ಚು ನೀರೆಳೆದದ್ದಕ್ಕೆ ದೊರೆಸ್ವಾಮಿಯ ಕಾಲು ಸೆಟೆದುಕೊಂಡು, ನಾಗಮಣಿ ಎರಡು ಸಲ ಒಳಗೆ ಹೋಗಿ ಪಾದ ಉಜ್ಜಬೇಕಾಯಿತು.

ಅದೇ ವಾರ ಮೈಸೂರಿನಿಂದ ಸುನೀಲ್ ಫೋನ್ ಮಾಡಿದ. ಜ್ವರ ಇಳಿದಿತ್ತು. ದನಿ ಮಾತ್ರ ದೂರದಿಂದ ಬಂದ ಹಾಗೆ ತೆಳ್ಳಗಿತ್ತು. ದೊರೆಸ್ವಾಮಿ ಆಗ ಯಂತ್ರಕ್ಕೆ ಹಾಕಿಸಿಕೊಂಡು ಮಲಗಿದ್ದ. ನಾಗಮಣಿಯೇ ಫೋನನ್ನು ಅವನ ಕಿವಿಯ ಹತ್ತಿರ ಹಿಡಿದು ನಿಂತಳು.

ದೊರೆಸ್ವಾಮಿ ಎಲ್ಲವನ್ನೂ ಹೇಳಿದ. ಕತ್ತಲಾದ ಮೇಲೆ ಗಾಳಿ ಬೆಟ್ಟದಿಂದ ಇಳಿದು ಬಂದದ್ದು, ಕಾವಲಿನವರು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕೂಗು ದಾಟಿಸುತ್ತಿದ್ದದ್ದು, ಜೋಳದ ಆಚೆ ಆನೆಯೊಂದು ಕಂದಕದ ಅಂಚಿನಲ್ಲಿ ಬಹಳ ಹೊತ್ತು ನಿಂತು ಹಿಂದಕ್ಕೆ ಹೋದದ್ದು. ಶಿವಮಲ್ಲಪ್ಪ ಅದನ್ನು ನೋಡಿದ ಮೇಲೆ ಮಲಗದೆ, ತನ್ನ ಮದುವೆಯಾದ ಹೊಸದರಲ್ಲಿ ಹೆಂಡತಿಯ ಕೂಡ ಎರಡು ತಿಂಗಳು ಮಾತೇ ಆಡಿರಲಿಲ್ಲ ಎಂಬ ಸಂಗತಿ ಹೇಳಿದ್ದು. ಚುಕ್ಕಿಗಳೆಲ್ಲ ಮಾಯವಾಗಿ ಬೆಟ್ಟದ ಅಂಚು ಮಾತ್ರ ಮೊದಲು ಕಾಣಿಸಿದ್ದು. ಟೆಂಟಿನೊಳಗಿಂದ ಬರುತ್ತಿದ್ದ ಗೊರಕೆಗೆ ಮರಿಮಲ್ಲಪ್ಪನ ನಾಯಿ ಮೆಟ್ಟಿಲು ಹತ್ತಿ ಬಂದು ಕಿವಿ ನಿಮಿರಿಸಿ ಕೇಳಿಸಿಕೊಂಡದ್ದು.

ಇದರಲ್ಲಿ ಒಂದನ್ನೂ ನಾಗಮಣಿ ಕಂಡಿರಲಿಲ್ಲ. ಅವನು ಮನೆಯಲ್ಲೂ ಅವಳಿಗೆ ಹೇಳಿರಲಿಲ್ಲ. ಹೇಳಲು ಬಿಡುವೆಲ್ಲಿತ್ತು. ಕೈ ಸೋಲುತ್ತಿತ್ತು. ಅವಳು ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಅವನು ಹೇಳಿ ಮುಗಿಸುವ ತನಕ ಹಾಗೆಯೇ ಹಿಡಿದು ನಿಂತಳು.